ಮೇದೋಜೀರಕದ ಉರಿಯೂತ : ಕತ್ತಿಗೆ ಮೊದಲು ಕೊಳವೆ

ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಾಲ ಕಳೆದವನು. ವೈದ್ಯಕೀಯ ವಿಷಯವನ್ನು ಕುರಿತು ಲೇಖನಿ ಹಿಡಿಯುವುದು ನನ್ನಂಥವನಿಗೆ ಸಾಹಸವೇ ಸರಿ. ಆದರೂ ನಮ್ಮ ಕುಟುಂಬವು ಎರಡು ತಿಂಗಳ ಕಾಲ ಅನುಭವಿಸಿದ ಸಂಕಟದಿಂದ ನಾವು ಕಲಿತ ಪಾಠವೊಂದು ಇತರರಿಗೂ ಉಪಯೋಗವಾದೀತೆಂಬ ಆಶಯದಿಂದ, ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರ ಒತ್ತಾಯಕ್ಕೆ ಮಣಿದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ. ಇದರಲ್ಲಿರುವ ವೈದ್ಯಕೀಯ ಸಂಗತಿಗಳು ನಾನು ತಜ್ಞರನ್ನು ಕೇಳಿ, ಓದಿ ತಿಳಿದುಕೊಂಡವು. ಚಿಕಿತ್ಸೆಯ ವಿಷಯದಲ್ಲಿ ಕೊನೆಯ ಮಾತು ವೈದ್ಯರದೇ ಎಂಬುದನ್ನು ವಾಚಕ ಮಹಾಶಯರು ಮರೆಯಬಾರದು.

ದೀಪಾವಳಿಯ ಒಂದು ರಾತ್ರಿ

ವರ್ಗಾವಣೆಯ ಮೇಲೆ ನಾನು ನಾಸಿಕಕ್ಕೆ ಬಂದ ಮರುವರ್ಷದ ಮಾತು. ನನ್ನ ಅಕ್ಕನ ಸಂಸಾರವು ಛತ್ರಪತಿ ಸಂಭಾಜಿನಗರದಲ್ಲಿದೆ. ೨೦೨೩ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಈ ನಗರಕ್ಕೂ ನಮ್ಮ ಬೀದರ, ಕಲಬುರಗಿ, ರಾಯಚೂರು ಸೀಮೆಗೂ ಹಳೆಯ ನಂಟು. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಇವೆಲ್ಲವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ಭಾವನವರು ಮೂಲತಃ ಬೀದರದವರು. ವಾಳೂಜ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಮದ್ಯವನ್ನು ಮುಟ್ಟಿದವರಲ್ಲ, ಎಲೆ ಅಡಿಕೆಯ ಚಟವೂ ಇಲ್ಲ. ಆಗಾಗ್ಗೆ ಊಟವಾದ ಮೇಲೆ ಮೇಲುಹೊಟ್ಟೆಯಲ್ಲಿ ನೋವು ಬರುತ್ತಿತ್ತು. ಅದನ್ನು ‘ಪಿತ್ತ’ವೆಂದು ಕರೆದು ಶುಂಠಿ, ನಿಂಬೆರಸ, ಸೋಡಾಗಳಿಂದ ಶಮನ ಮಾಡಿಕೊಳ್ಳುತ್ತಿದ್ದರು.

ಆ ದೀಪಾವಳಿಯ ರಾತ್ರಿ ಬಂದ ನೋವು ಸೋಡಾಕ್ಕೆ ಬಗ್ಗಲಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಈಟಿಯಂತೆ ನಾಟುವ ನೋವು, ನಿಲ್ಲದ ವಾಂತಿ. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕುಳಿತರೆ ತುಸು ಕಡಿಮೆ. ಬೆಳಗಾಗುವವರೆಗೆ ನೋಡೋಣವೆಂದು ಮನೆಯವರು ಕಾದರು. ಬೆಳಗಿನ ಜಾವ ಅಕ್ಕನ ದೂರವಾಣಿ ಕರೆ ಬಂದಾಗ ನಾನು ಯೇವಲೆ, ವೈಜಾಪುರಗಳ ಮಾರ್ಗವಾಗಿ ಹೊರಟೆ. ತಲುಪುವಷ್ಟರಲ್ಲಿ ಅವರು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು. ‘ತೀವ್ರ ಸ್ವರೂಪದ ಪ್ಯಾಂಕ್ರಿಯಾಟೈಟಿಸ್’ ಎಂದರು ವೈದ್ಯರು. ಮೇದೋಜೀರಕ ಗ್ರಂಥಿಯ ಉರಿಯೂತ ಎಂದು ಅದರ ಅರ್ಥ.

ಆ ಹೆಸರು ಕೇಳಿ ನನ್ನ ಕೈಕಾಲು ತಣ್ಣಗಾದವು. ಅದಕ್ಕೆ ಕಾರಣವಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕರ್ನಾಟಕದ ಶಾಖೆಯೊಂದರಲ್ಲಿ ನನಗೆ ಹಣ ಎಣಿಸುವುದನ್ನು ಕಲಿಸಿದ ಮುಖ್ಯ ನಗದು ಗುಮಾಸ್ತರು ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಮೂರು ವಾರಗಳಲ್ಲಿ ಮೂರು ಬಾರಿ ಅವರ ಹೊಟ್ಟೆಯನ್ನು ತೆರೆಯಬೇಕಾಯಿತು. ಅಂದಿನ ವೈದ್ಯಶಾಸ್ತ್ರದ ನಿಯಮವೇ ಅದಾಗಿತ್ತು. ಯಾರ ತಪ್ಪೂ ಅಲ್ಲ. ಆದರೆ ಆ ತೆರೆದ ಹೊಟ್ಟೆಯ ನೆನಪು ನನ್ನನ್ನು ಬಿಟ್ಟಿರಲಿಲ್ಲ.

ಈ ಗ್ರಂಥಿ ಯಾವುದು? ಎಲ್ಲಿದೆ?

ಮೇದೋಜೀರಕವು ಜಠರದ ಹಿಂದೆ, ಬೆನ್ನೆಲುಬಿಗೆ ಅಡ್ಡಲಾಗಿ ಮಲಗಿರುವ ಸುಮಾರು ೧೫ ಸೆಂಟಿಮೀಟರ್ ಉದ್ದದ, ನೂರು ಗ್ರಾಂಗೆ ಮೀರದ ತೂಕದ ಗ್ರಂಥಿ. ಅದರ ತಲೆಯು ಸಣ್ಣ ಕರುಳಿನ ಮೊದಲ ಭಾಗದ ಬಾಗಿನಲ್ಲಿ ಹುದುಗಿದೆ. ಬಾಲವು ಎಡಗಡೆಯ ಪ್ಲೀಹದವರೆಗೆ ಚಾಚಿದೆ. ಇದಕ್ಕೆ ಎರಡು ಉದ್ಯೋಗಗಳು. ಒಂದು, ಇನ್ಸುಲಿನ್ ಮೊದಲಾದ ರಸಗಳನ್ನು ರಕ್ತಕ್ಕೆ ಬಿಟ್ಟು ಸಕ್ಕರೆಯ ಪ್ರಮಾಣವನ್ನು ಹತೋಟಿಯಲ್ಲಿಡುವುದು. ಇನ್ನೊಂದು, ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ಜೀರ್ಣರಸವನ್ನು ತಯಾರಿಸಿ ಕರುಳಿಗೆ ಕಳುಹಿಸುವುದು. ನಾವು ತಿಂದ ಬೇಳೆಯ ಸಸಾರಜನಕವನ್ನೂ, ತುಪ್ಪದ ಕೊಬ್ಬನ್ನೂ, ರೊಟ್ಟಿಯ ಪಿಷ್ಟವನ್ನೂ ಒಡೆಯುವ ಕಿಣ್ವಗಳು ಈ ರಸದಲ್ಲಿವೆ.

ಸಸಾರಜನಕವನ್ನು ಕರಗಿಸಬಲ್ಲ ರಸವು ಅದನ್ನು ತಯಾರಿಸುವ ಗ್ರಂಥಿಯನ್ನೇ ಏಕೆ ಕರಗಿಸುವುದಿಲ್ಲ? ಪ್ರಕೃತಿಯು ಇಲ್ಲಿ ಒಂದು ಜಾಣತನದ ಏರ್ಪಾಡು ಮಾಡಿದೆ. ಟ್ರಿಪ್ಸಿನ್ ಎಂಬ ಪ್ರಬಲ ಕಿಣ್ವವು ಗ್ರಂಥಿಯೊಳಗೆ ನಿದ್ರಿಸುವ ರೂಪದಲ್ಲಿಯೇ ಇರುತ್ತದೆ. ಕರುಳನ್ನು ಸೇರಿದ ಮೇಲೆ ಅಲ್ಲಿನ ಒಳಪದರದ ಮತ್ತೊಂದು ಕಿಣ್ವವು ಅದನ್ನು ಎಚ್ಚರಿಸುತ್ತದೆ. ಸಹಿಯಾಗದ ಚೆಕ್ಕು ಪೆಟ್ಟಿಗೆಯಲ್ಲಿದ್ದರೆ ಅಪಾಯವಿಲ್ಲ. ಸಹಿ ಬೀಳುವುದು ಕೌಂಟರಿನಲ್ಲಿ ಮಾತ್ರ ಎಂಬ ನಮ್ಮ ವ್ಯವಹಾರದಂತೆ.

ಬೇಲಿಯೇ ಹೊಲ ಮೇಯ್ದಾಗ

ಈ ಏರ್ಪಾಡು ಕೆಟ್ಟು ಕಿಣ್ವಗಳು ಗ್ರಂಥಿಯೊಳಗೇ ಎಚ್ಚರಗೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಪ್ರಾಗ್ ನಗರದ ಹಾನ್ಸ್ ಕಿಯಾರಿ ಎಂಬ ವಿಜ್ಞಾನಿ ೧೮೯೬ರಲ್ಲಿಯೇ ಈ ವಿಚಾರವನ್ನು ಮುಂದಿಟ್ಟಿದ್ದನು. ಅದಕ್ಕೆ ಏಳು ವರ್ಷ ಮೊದಲು, ೧೮೮೯ರಲ್ಲಿ, ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಈ ಕಾಯಿಲೆಯ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದ್ದನು.

ಕಾರಣಗಳಲ್ಲಿ ಮುಖ್ಯವಾದವು ಎರಡು: ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ. ಪಿತ್ತನಾಳವೂ ಮೇದೋಜೀರಕದ ನಾಳವೂ ಸಾಮಾನ್ಯವಾಗಿ ಒಂದೇ ಬಾಗಿಲಿನಿಂದ ಕರುಳನ್ನು ಪ್ರವೇಶಿಸುತ್ತವೆ. ಪಿತ್ತಕೋಶದಿಂದ ಜಾರಿದ ಕಲ್ಲೊಂದು ಆ ಬಾಗಿಲಲ್ಲಿ ಸಿಕ್ಕಿಕೊಂಡರೆ ಎರಡು ಮನೆಗಳಿಗೂ ತೊಂದರೆ. ಇದನ್ನು ೧೯೦೧ರಲ್ಲಿ ಅಮೆರಿಕದ ಯೂಜೀನ್ ಓಪೀ ಶವಪರೀಕ್ಷೆಯಿಂದ ತೋರಿಸಿಕೊಟ್ಟನು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಸಾವಿರ ಮಿಲಿಗ್ರಾಂ ಮೀರಿದಾಗಲೂ, ಕೆಲವು ಔಷಧಿಗಳಿಂದಲೂ ಈ ಉರಿಯೂತ ಬರಬಹುದು. ದ್ರಾಕ್ಷಿ ಮತ್ತು ದ್ರಾಕ್ಷಾಮದ್ಯಕ್ಕೆ ಹೆಸರಾದ ನಾಸಿಕದಲ್ಲಿ ಕುಳಿತು ಬರೆಯುವ ನಾನು ಮದ್ಯದ ಮಾತನ್ನು ಒತ್ತಿ ಹೇಳಬೇಕು. ಆದರೆ ಕುಡಿಯದವರಿಗೆ ಈ ಕಾಯಿಲೆ ಬಾರದೆಂಬುದು ತಪ್ಪು ಕಲ್ಪನೆ. ಭಾವನವರ ‘ಪಿತ್ತ’ವು ವಾಸ್ತವವಾಗಿ ಪಿತ್ತಕೋಶದಲ್ಲಿ ಕೂಡಿದ್ದ ಸಣ್ಣ ಸಣ್ಣ ಕಲ್ಲುಗಳಾಗಿದ್ದವು.

ಸಮಾಧಾನದ ಸಂಗತಿಯೆಂದರೆ, ಈ ಉರಿಯೂತಕ್ಕೆ ತುತ್ತಾದವರಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ಅದು ಸೌಮ್ಯವಾಗಿ ಬಂದು ಒಂದು ವಾರದೊಳಗೆ ಶಮನವಾಗುತ್ತದೆ. ಉಳಿದವರ ವಿಷಯ ಬೇರೆ.

ಎರಡು ಗಂಡಾಂತರಗಳು

ತೀವ್ರ ಸ್ವರೂಪದ ಕಾಯಿಲೆಯಲ್ಲಿ ರೋಗಿಯು ಎರಡು ಗಂಡಾಂತರಗಳನ್ನು ದಾಟಬೇಕಾಗುತ್ತದೆ. ಮೊದಲನೆಯದು ಮೊದಲ ಎರಡು ವಾರಗಳದು. ಗ್ರಂಥಿಯಲ್ಲಿ ಹೊತ್ತಿದ ಉರಿ ಇಡೀ ದೇಹಕ್ಕೆ ಹಬ್ಬಿ, ಶ್ವಾಸಕೋಶ, ಮೂತ್ರಪಿಂಡ, ಹೃದಯಗಳನ್ನು ಕಂಗೆಡಿಸುತ್ತದೆ. ನಲವತ್ತೆಂಟು ಗಂಟೆಗಳಿಗೂ ಮೀರಿ ಒಂದಾದರೂ ಅಂಗ ಸೋತು ಕುಳಿತರೆ ಅದನ್ನು ‘ತೀವ್ರ’ವೆಂದು ಕರೆಯಬೇಕೆಂದು ೨೦೧೨ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣವು ನಿಗದಿಪಡಿಸಿದೆ. ಈ ಹಂತದಲ್ಲಿ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಕೆಲಸವಿಲ್ಲ. ರಕ್ತನಾಳದ ಮೂಲಕ ಹದವರಿತು ದ್ರವ ಕೊಡುವುದು, ನೋವು ಕಡಿಮೆ ಮಾಡುವುದು, ಆಮ್ಲಜನಕ ಒದಗಿಸುವುದು, ಮೂಗಿನ ಕೊಳವೆಯಿಂದಾದರೂ ಬೇಗನೆ ಆಹಾರ ಆರಂಭಿಸುವುದು — ಇವೇ ಚಿಕಿತ್ಸೆ. ಹಿಂದೆ ವಾರಗಟ್ಟಲೆ ಉಪವಾಸ ಕೆಡವುತ್ತಿದ್ದರು. ಈಗ ಕರುಳಿಗೆ ಆಹಾರ ಬೀಳುತ್ತಿದ್ದರೆ ಅಲ್ಲಿನ ರೋಗಾಣುಗಳು ಹೊರಗೆ ನುಸುಳುವುದು ಕಡಿಮೆಯೆಂದು ತಿಳಿದಿದೆ.

ಎರಡನೆಯ ಗಂಡಾಂತರವು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ನಂತರ, ಮನೆಯವರು ‘ಇನ್ನು ಪಾರಾದರು’ ಎಂದು ನಿಟ್ಟುಸಿರು ಬಿಟ್ಟ ಮೇಲೆ ಬರುತ್ತದೆ. ಉರಿಯೂತದಲ್ಲಿ ಗ್ರಂಥಿಯ ಒಂದು ಭಾಗವೂ ಸುತ್ತಲಿನ ಕೊಬ್ಬೂ ರಕ್ತಸಂಚಾರವಿಲ್ಲದೆ ಸತ್ತು ಹೋಗಿರುತ್ತದೆ. ಈ ಸತ್ತ ಅಂಗಾಂಶಕ್ಕೆ ಕರುಳಿನ ರೋಗಾಣುಗಳು ಸೇರಿದರೆ ಕೀವಾಗುತ್ತದೆ. ಅಂಗಾಂಶ ಸತ್ತವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಹೀಗೆ ಸೋಂಕು ತಗಲುತ್ತದೆ. ಇಳಿದಿದ್ದ ಜ್ವರ ಮತ್ತೆ ಏರುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಸತ್ತ ಭಾಗದ ನಡುವೆ ಗಾಳಿಯ ಗುಳ್ಳೆಗಳು ಕಂಡರೆ ಸೋಂಕು ಬಹುಮಟ್ಟಿಗೆ ಖಚಿತ.

ಭಾವನವರು ಒಂಬತ್ತನೆಯ ದಿನ ನಿಗಾ ಘಟಕದಿಂದ ಹೊರಬಂದರು. ಇಪ್ಪತ್ತನೆಯ ದಿನ ಚಳಿಜ್ವರ ಬಂದಿತು. ಮರುದಿನದ ಸ್ಕ್ಯಾನಿನಲ್ಲಿ ಆ ಗುಳ್ಳೆಗಳು ಕಂಡವು.

‘ಕಾಯೋದ್ಯಾಕ?’

ಬೀದರದಿಂದ ಬಂದಿದ್ದ ಭಾವನವರ ಕಾಕಾ ನೇರ ಮಾತಿನವರು. “ಕೀವು ಅದ ಅಂದಮ್ಯಾಲ ಕೊಯ್ದು ತಗೀಬೇಕಲ್ಲಪಾ, ಕಾಯೋದ್ಯಾಕ?” ಎಂದು ನನ್ನನ್ನು ಕೇಳಿದರು. ಕುರುವಾದರೆ ಕೊಯ್ಯಬೇಕು ಎಂಬುದು ನಮ್ಮ ಅಜ್ಜಂದಿರ ಕಾಲದ ತಿಳಿವಳಿಕೆ. ವೈದ್ಯರು ಮಾತ್ರ ರೋಗಾಣುನಾಶಕ ಚುಚ್ಚುಮದ್ದು ಆರಂಭಿಸಿ, ‘ಇನ್ನೊಂದು ವಾರ, ಹತ್ತು ದಿನ ತಡೆಯೋಣ’ ಎಂದಿದ್ದರು. ಆಸ್ಪತ್ರೆಯ ಲೆಕ್ಕ ದಿನದಿನಕ್ಕೆ ಏರುತ್ತಿತ್ತು. ಬಿಲ್ಲು ಬೆಳೆಸಲು ಕಾಯುತ್ತಿದ್ದಾರೆಂದು ಬಂಧುಗಳೊಬ್ಬರು ಪಿಸುಗುಟ್ಟಿದರು. ನನ್ನ ಮನಸ್ಸಿನಲ್ಲಿಯೂ ಸಂದೇಹ ಹೊಕ್ಕಿತು. ಒಂದು ಕಡೆ, ಹೊಟ್ಟೆ ತೆರೆಸಿಕೊಂಡು ತೀರಿಹೋದ ಹಿರಿಯರ ನೆನಪು. ಇನ್ನೊಂದು ಕಡೆ, ಕಣ್ಣೆದುರಿಗೆ ಜ್ವರದಿಂದ ನಡುಗುತ್ತಿರುವ ಭಾವ. ನಾನು ವೈದ್ಯರ ಕೊಠಡಿಗೆ ಹೋಗಿ ತುಸು ಕಟುವಾಗಿಯೇ ಪ್ರಶ್ನಿಸಿದೆ.

ಆ ವೈದ್ಯರು ಸಿಟ್ಟಾಗಲಿಲ್ಲ. ಮೇಜಿನ ಮೇಲಿದ್ದ ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. “ಮಾವಿನಕಾಯಿಯ ತಿರುಳು ಗೊರಟಕ್ಕೆ ಅಂಟಿಕೊಂಡಿರುತ್ತದೆ. ಬಲವಂತವಾಗಿ ಕಿತ್ತರೆ ಎರಡೂ ಹಾಳು. ಹಣ್ಣಾದ ಮೇಲೆ ತಾನಾಗಿ ಬಿಡುತ್ತದೆ. ಈಗ ಸತ್ತ ಭಾಗವೂ ಜೀವಂತ ಭಾಗವೂ ಒಂದಕ್ಕೊಂದು ಅಂಟಿವೆ. ಕೈ ಹಾಕಿದರೆ ರಕ್ತಸ್ರಾವ. ಸುಮಾರು ನಾಲ್ಕು ವಾರ ತುಂಬಿದರೆ ದೇಹವೇ ಅದರ ಸುತ್ತ ಗೋಡೆ ಕಟ್ಟುತ್ತದೆ. ಆಮೇಲೆ ಹೊಟ್ಟೆ ತೆರೆಯದೆ, ಪಕ್ಕೆಯಿಂದ ಒಂದು ಕೊಳವೆ ಹಾಕುತ್ತೇನೆ. ಅವರ ರಕ್ತದೊತ್ತಡ ಕುಸಿದರೆ, ಉಸಿರು ಕೆಟ್ಟರೆ, ಅಂದೇ ಹಾಕುತ್ತೇನೆ, ಕಾಯುವುದಿಲ್ಲ” ಎಂದರು. ಕಾಯುವುದೆಂದರೆ ಸುಮ್ಮನಿರುವುದಲ್ಲ, ಪ್ರತಿ ಗಂಟೆಯೂ ನೋಡುತ್ತಿರುವುದು ಎಂಬುದು ಅಂದು ನನಗೆ ತಿಳಿಯಿತು.

ಹಿಂದಿನ ಕ್ರಮ

ಇಂಗ್ಲೆಂಡಿನ ಪ್ರಸಿದ್ಧ ಶಸ್ತ್ರವೈದ್ಯ ಬರ್ಕ್ಲಿ ಮಾಯ್ನಿಹಾನ್ ೧೯೨೫ರಲ್ಲಿ ಈ ಕಾಯಿಲೆಯನ್ನು ಹೊಟ್ಟೆಯ ಅನಾಹುತಗಳಲ್ಲೆಲ್ಲ ಅತ್ಯಂತ ಘೋರವಾದುದೆಂದು ಗಣಿಸಿದ್ದನು. ಕೀವು ಕಂಡೊಡನೆ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಸತ್ತ ಭಾಗವನ್ನೆಲ್ಲ ಕೈಯಿಂದ ತೆಗೆಯುವುದೇ ದೀರ್ಘಕಾಲ ರೂಢಿಯಲ್ಲಿದ್ದ ಕ್ರಮ. ಒಂದೇ ಬಾರಿಗೆ ಮುಗಿಯದೆ ಮತ್ತೆ ಮತ್ತೆ ತೆರೆಯಬೇಕಾಗುತ್ತಿತ್ತು. ಮೊದಲೇ ಸೋತ ದೇಹಕ್ಕೆ ಇದು ಗಾಯದ ಮೇಲೆ ಬರೆ ಎಳೆದಂತೆ. ಅನೇಕರು ಸೋಂಕನ್ನು ಗೆದ್ದರೂ ಶಸ್ತ್ರಚಿಕಿತ್ಸೆಯ ಆಘಾತವನ್ನು ಗೆಲ್ಲಲಾರದೆ ಹೋಗುತ್ತಿದ್ದರು.

ಈ ಕ್ರಮವನ್ನು ಬದಲಿಸಲು ಬೇಕಾದ ಸಾಧನಗಳು ಒಂದೊಂದಾಗಿ ಬಂದವು. ಸೂಜಿ ಚುಚ್ಚಿ, ಅದರೊಳಗಿಂದ ತೆಳುವಾದ ತಂತಿ ಇಳಿಸಿ, ತಂತಿಯ ಮೇಲೆ ಕೊಳವೆ ಜಾರಿಸುವ ಉಪಾಯವನ್ನು ಸ್ವೀಡನ್ನಿನ ಸೆಲ್ಡಿಂಗರ್ ೧೯೫೩ರಲ್ಲಿ ಪ್ರಕಟಿಸಿದನು. ದೇಹದ ಒಳಭಾಗವನ್ನು ಪದರಪದರವಾಗಿ ತೋರಿಸುವ ಸಿ.ಟಿ. ಯಂತ್ರವು ೧೯೭೧ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಚಿತ್ರ ತೆಗೆಯಿತು. ಅದರ ನಿರ್ಮಾಪಕ ಹೌನ್ಸ್‌ಫೀಲ್ಡ್ ೧೯೭೯ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ನಮ್ಮ ಮಹಾರಾಷ್ಟ್ರದ ಹೆಮ್ಮೆಯೂ ಇಲ್ಲಿದೆ. ಸಣ್ಣ ರಂಧ್ರಗಳ ಮೂಲಕ ದರ್ಶಕ ನಳಿಕೆ ಇಳಿಸಿ ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಭಾರತದಲ್ಲಿ ಮೊದಲಿಗೆ, ೧೯೯೦ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ನಡೆಸಿದವರು ಡಾ. ತೆಹೆಮ್ಟನ್ ಉದ್ವಾಡಿಯಾ. ದೊಡ್ಡ ಗಾಯವಿಲ್ಲದೆಯೂ ದೊಡ್ಡ ಕೆಲಸ ಸಾಧ್ಯವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದುದು ಇಂಥ ಪ್ರಯತ್ನಗಳಿಂದ.

ಹಾಲೆಂಡಿನ ಪರೀಕ್ಷೆ

ನಂಬಿಕೆ ಬೇರೆ, ಲೆಕ್ಕ ಬೇರೆ. ಲೆಕ್ಕವನ್ನು ಒದಗಿಸಿದವರು ಹಾಲೆಂಡಿನ ವೈದ್ಯರು. ಅಲ್ಲಿನ ಹತ್ತೊಂಬತ್ತು ಆಸ್ಪತ್ರೆಗಳು ಒಂದುಗೂಡಿ, ೨೦೦೫ರಿಂದ ೨೦೦೮ರವರೆಗೆ, ಸೋಂಕಿನ ಸಂದೇಹವಿದ್ದ ಅಥವಾ ಸೋಂಕು ಖಚಿತವಾಗಿದ್ದ ೮೮ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿದವು. ಒಂದು ಗುಂಪಿಗೆ ಹಳೆಯ ತೆರೆದ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಹಂತಹಂತದ ಕ್ರಮ: ಮೊದಲು ಕೊಳವೆ, ಅದು ಸಾಲದಿದ್ದರೆ ಮತ್ತೊಂದು ಕೊಳವೆ, ಅದೂ ಸಾಲದಿದ್ದರೆ ಮಾತ್ರ ಚಿಕ್ಕ ರಂಧ್ರದ ಶಸ್ತ್ರಚಿಕಿತ್ಸೆ.

ಫಲಿತಾಂಶವು ೨೦೧೦ರಲ್ಲಿ ಪ್ರಕಟವಾಯಿತು. ಮರಣ ಅಥವಾ ಗಂಭೀರ ತೊಡಕುಗಳು ಹಳೆಯ ಕ್ರಮದವರಲ್ಲಿ ಶೇಕಡಾ ೬೯, ಹಂತಹಂತದ ಕ್ರಮದವರಲ್ಲಿ ಶೇಕಡಾ ೪೦. ಹೊಸದಾಗಿ ಅನೇಕ ಅಂಗಗಳು ಸೋತುದು ಶೇಕಡಾ ೪೦ಕ್ಕೆ ಪ್ರತಿಯಾಗಿ ಕೇವಲ ೧೨. ಮುಂದೆ ಸಕ್ಕರೆ ಕಾಯಿಲೆ ಬಂದುದು ೩೮ಕ್ಕೆ ಪ್ರತಿಯಾಗಿ ೧೬. ಹೊಲಿಗೆಯ ಜಾಗದಲ್ಲಿ ಅಂಡವಾಯು ಕಾಣಿಸಿದುದು ೨೪ಕ್ಕೆ ಪ್ರತಿಯಾಗಿ ೭. ಎಲ್ಲಕ್ಕಿಂತ ಗಮನಾರ್ಹವಾದುದೆಂದರೆ, ಎರಡನೆಯ ಗುಂಪಿನ ಶೇಕಡಾ ೩೫ ಮಂದಿ ಕೇವಲ ಕೊಳವೆಯಿಂದಲೇ ಗುಣವಾದರು. ಅವರಿಗೆ ಕತ್ತಿಯೇ ಬೇಕಾಗಲಿಲ್ಲ. ಒಟ್ಟು ವೆಚ್ಚವೂ ಶೇಕಡಾ ೧೨ರಷ್ಟು ಕಡಿಮೆಯಾಯಿತು. ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಕೇವಲ ಮರಣದ ಪ್ರಮಾಣವನ್ನು ತೆಗೆದುಕೊಂಡರೆ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇದು ಮೃತ್ಯುಂಜಯ ಮಂತ್ರವಲ್ಲ. ಬದುಕಿದವರು ಹೆಚ್ಚು ಸುಖವಾಗಿ ಬದುಕುವ ಮಾರ್ಗ.

ಅದೇ ತಂಡವು ೨೦೨೧ರಲ್ಲಿ ಮತ್ತೊಂದು ಪರೀಕ್ಷೆಯನ್ನು ಪ್ರಕಟಿಸಿತು. ಸೋಂಕು ತಿಳಿದ ಕೂಡಲೇ ಕೊಳವೆ ಹಾಕಬೇಕೆ, ಗೋಡೆ ಕಟ್ಟುವವರೆಗೆ ಕಾಯಬೇಕೆ ಎಂಬುದು ಪ್ರಶ್ನೆ. ೧೦೪ ರೋಗಿಗಳಲ್ಲಿ ಅವಸರದ ಗುಂಪಿಗೆ ಯಾವ ಹೆಚ್ಚಿನ ಲಾಭವೂ ಕಾಣಲಿಲ್ಲ. ಕಾಯ್ದ ಗುಂಪಿನಲ್ಲಿ ಶೇಕಡಾ ೩೯ ಮಂದಿ ಕೇವಲ ರೋಗಾಣುನಾಶಕ ಔಷಧಿಯಿಂದಲೇ ಗುಣಮುಖರಾಗಿ ಕೊಳವೆಯನ್ನೂ ತಪ್ಪಿಸಿಕೊಂಡರು. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಗೆ ಇಂಥ ಪುರಾವೆ ದೊರೆತೀತೆಂದು ಯಾರು ಎಣಿಸಿದ್ದರು! ಕಾಕಾ ಅವರ ಪ್ರಶ್ನೆಗೆ ಉತ್ತರ ಇದೇ ಆಗಿತ್ತು.

ಪಕ್ಕೆಯ ಮಾರ್ಗ

ಮೂವತ್ತನೆಯ ದಿನ ಭಾವನವರನ್ನು ಸಿ.ಟಿ. ಯಂತ್ರದ ಹಲಗೆಯ ಮೇಲೆ ಮಲಗಿಸಿದರು. ಎಡಪಕ್ಕೆಯ ಚರ್ಮಕ್ಕೆ ಮಾತ್ರ ಅರಿವಳಿಕೆ. ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವಿರಲಿಲ್ಲ. ಚಿತ್ರದಲ್ಲಿ ದಾರಿ ನೋಡಿಕೊಂಡು, ಕರುಳಿಗೂ ಪ್ಲೀಹಕ್ಕೂ ತಾಗದಂತೆ, ಬೆನ್ನಿನ ಕಡೆಯಿಂದ ಸೂಜಿ, ತಂತಿ, ಕೊಳವೆಗಳನ್ನು ಕ್ರಮವಾಗಿ ಇಳಿಸಿದರು. ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಕೊಳವೆ ಅದು. ಈ ಮಾರ್ಗದ ವಿಶೇಷವೆಂದರೆ, ಹೊಟ್ಟೆಯ ಒಳಗೂಡಿಗೆ ಕೀವು ಚೆಲ್ಲುವುದಿಲ್ಲ. ಬೂದುಬಣ್ಣದ ದುರ್ಗಂಧದ ಕೀವು ಚೀಲಕ್ಕೆ ಇಳಿಯಿತು. ಎರಡೇ ದಿನಗಳಲ್ಲಿ ಜ್ವರ ಇಳಿಮುಖವಾಯಿತು.

ನಾಸಿಕದ ಬಳಿ ಗಂಗಾಪುರ ಅಣೆಕಟ್ಟು ಮಳೆಗಾಲದಲ್ಲಿ ತುಂಬಿದಾಗ ಬಾಗಿಲುಗಳನ್ನು ಹಂತಹಂತವಾಗಿ ತೆರೆದು ಗೋದಾವರಿಗೆ ನೀರು ಬಿಡುತ್ತಾರೆ. ಒಡ್ಡನ್ನೇ ಒಡೆಯುವುದಿಲ್ಲ. ಒತ್ತಡದಲ್ಲಿರುವ ಕೀವನ್ನು ಇಳಿಸುವುದೂ ಹಾಗೆಯೇ. ಒತ್ತಡ ತಗ್ಗಿದರೆ ದೇಹಕ್ಕೆ ಉಸಿರಾಡಲು ಅವಕಾಶ ಸಿಗುತ್ತದೆ. ಉಳಿದ ಸತ್ತ ಭಾಗದ ಬಹುಪಾಲನ್ನು ಅದು ತಾನೇ ಕರಗಿಸಿಕೊಳ್ಳಬಲ್ಲದು.

ಆದರೆ ಸತ್ತ ಅಂಗಾಂಶವು ಬರಿಯ ನೀರಲ್ಲ. ಒದ್ದೆ ಹತ್ತಿಯ ಉಂಡೆಗಳಂತೆ ಕೊಳವೆಯನ್ನು ಕಟ್ಟಿಬಿಡುತ್ತದೆ. ಆದುದರಿಂದ ದಿನಕ್ಕೆ ಹಲವು ಸಾರಿ ಶುದ್ಧ ಲವಣಜಲದಿಂದ ಕೊಳವೆಯನ್ನು ತೊಳೆಯಬೇಕು. ಭಾವನವರಿಗೆ ಜ್ವರ ಮರುಕಳಿಸಿದಾಗ ಮೂವತ್ತನಾಲ್ಕನೆಯ ದಿನ ಇನ್ನೂ ದಪ್ಪನೆಯ ಕೊಳವೆ ಬಂದಿತು. ಅದೂ ಸಾಲದೆ ನಲವತ್ತೊಂದನೆಯ ದಿನ ಮೂರನೆಯ ಮೆಟ್ಟಿಲು ಏರಬೇಕಾಯಿತು. ಕೊಳವೆ ಇದ್ದ ಜಾಗದಲ್ಲಿಯೇ ಪಕ್ಕೆಯಲ್ಲಿ ಐದು ಸೆಂಟಿಮೀಟರಿನಷ್ಟು ಮಾತ್ರ ಸೀಳಿ, ಕೊಳವೆಯನ್ನೇ ದಾರಿದೀಪವಾಗಿಟ್ಟುಕೊಂಡು, ದರ್ಶಕ ನಳಿಕೆಯಿಂದ ನೋಡುತ್ತಾ, ಸಡಿಲವಾದ ಸತ್ತ ಭಾಗವನ್ನು ಚಿಮುಟದಿಂದ ತೆಗೆದರು. ಅಂಟಿಕೊಂಡಿದ್ದುದನ್ನು ಮುಟ್ಟಲಿಲ್ಲ. ‘ಎಲ್ಲವನ್ನೂ ತೆಗೆಯಬೇಕೆಂಬ ಆಸೆಯೇ ಇಲ್ಲಿ ಅಪಾಯಕಾರಿ’ ಎಂದು ವೈದ್ಯರು ಆಮೇಲೆ ಹೇಳಿದರು. ನಾವು ಬ್ಯಾಂಕಿನವರು ಸಾಲ ವಸೂಲಿಗೆ ಮೊದಲು ಪತ್ರ, ಆಮೇಲೆ ಮಾತುಕತೆ, ಕಂತುಗಳ ಮರುಹೊಂದಾಣಿಕೆ, ಕೊನೆಗಷ್ಟೇ ನ್ಯಾಯಾಲಯ ಎಂದು ನಡೆಯುತ್ತೇವೆ. ಮೊದಲ ದಿನವೇ ಜಪ್ತಿಗೆ ಹೋದರೆ ಸಾಲಗಾರನೂ ಉಳಿಯುವುದಿಲ್ಲ, ಸಾಲವೂ ಬರುವುದಿಲ್ಲ.

ಜಠರದ ಮಾರ್ಗ

ಇನ್ನೊಂದು ಮಾರ್ಗವೂ ಇದೆ. ಕೀವಿನ ಚೀಲವು ಜಠರದ ಹಿಂಗೋಡೆಗೆ ಅಂಟಿಕೊಂಡಿದ್ದರೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡಿನಿಂದ ಚೀಲವನ್ನು ಗುರುತಿಸಿ, ಜಠರದಿಂದ ಚೀಲಕ್ಕೆ ಕಿಂಡಿ ಕೊರೆಯುತ್ತಾರೆ. ಆ ಕಿಂಡಿ ಮುಚ್ಚದಂತೆ ಡಮರುವಿನ ಆಕಾರದ ಲೋಹದ ಜಾಲರಿ ಕೊಳವೆಯನ್ನು ಕೂರಿಸುತ್ತಾರೆ. ಕೀವು ಜಠರಕ್ಕೇ ಇಳಿದು ಹೋಗುತ್ತದೆ. ಅಗತ್ಯವಾದರೆ ಆ ಕಿಂಡಿಯೊಳಗೇ ಎಂಡೋಸ್ಕೋಪ್ ನುಗ್ಗಿಸಿ ಸತ್ತ ಭಾಗವನ್ನು ತೆಗೆಯುತ್ತಾರೆ. ಹೊರಗೆ ಒಂದು ಗೀರೂ ಇರುವುದಿಲ್ಲ. ಲೋಹದ ಕೊಳವೆಯನ್ನು ಕೆಲವು ವಾರಗಳ ನಂತರ ಮರೆಯದೆ ತೆಗೆಸಬೇಕು. ಬಿಟ್ಟರೆ ರಕ್ತಸ್ರಾವದ ಭಯವಿದೆ.

ಪಕ್ಕೆಯ ಮಾರ್ಗವನ್ನೂ ಜಠರದ ಮಾರ್ಗವನ್ನೂ ಹೋಲಿಸಿದ ಹಾಲೆಂಡಿನ ಪರೀಕ್ಷೆಯು ೨೦೧೮ರಲ್ಲಿ ಪ್ರಕಟವಾಯಿತು. ೯೮ ರೋಗಿಗಳಲ್ಲಿ ಮರಣ ಮತ್ತು ಗಂಭೀರ ತೊಡಕುಗಳು ಹೆಚ್ಚು ಕಡಿಮೆ ಸಮನಾಗಿದ್ದವು. ಆದರೆ ಜೀರ್ಣರಸವು ಚರ್ಮದ ಮೂಲಕ ನಿಲ್ಲದೆ ಸೋರುವ ತೊಂದರೆಯು ಪಕ್ಕೆಯ ಮಾರ್ಗದಲ್ಲಿ ಶೇಕಡಾ ೩೨ ಇದ್ದರೆ ಜಠರದ ಮಾರ್ಗದಲ್ಲಿ ೫ ಮಾತ್ರ. ಆಸ್ಪತ್ರೆಯ ವಾಸವೂ ಕಡಿಮೆ. ಆದರೂ ಯಾವ ಮಾರ್ಗವೆಂಬುದನ್ನು ಕೀವು ಎಲ್ಲಿದೆ ಎಂಬುದು ನಿರ್ಧರಿಸುತ್ತದೆಯೇ ಹೊರತು ನಮ್ಮ ಇಷ್ಟವಲ್ಲ. ಭಾವನವರ ಕೀವು ಜಠರದಿಂದ ದೂರ, ಎಡಪಕ್ಕೆಯ ಕೆಳಗೆ ಇಳಿದಿತ್ತು.

ಮಿತಿಗಳನ್ನೂ ಅರಿಯಬೇಕು

ಈ ವಿಧಾನಗಳು ನಿರಪಾಯವಲ್ಲ. ರಕ್ತನಾಳ ಸವೆದು ಹಠಾತ್ತನೆ ರಕ್ತಸ್ರಾವವಾಗಬಹುದು. ಆಗ ತೊಡೆಸಂದಿಯ ರಕ್ತನಾಳದಿಂದ ತಂತಿ ಕಳಿಸಿ ಅದನ್ನು ಮುಚ್ಚಬೇಕಾಗುತ್ತದೆ. ಕರುಳು ತೂತಾದರೆ, ಹೊಟ್ಟೆಯೊಳಗಿನ ಒತ್ತಡ ವಿಪರೀತವಾದರೆ, ಇಂದಿಗೂ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆಯೇ ಗತಿ. ಆದಕಾರಣ ತೀವ್ರ ನಿಗಾ ಘಟಕ, ಸಿ.ಟಿ. ಯಂತ್ರ, ಕೊಳವೆ ಹಾಕುವ ವಿಕಿರಣ ತಜ್ಞರು, ಎಂಡೋಸ್ಕೋಪಿ ತಜ್ಞರು, ಶಸ್ತ್ರವೈದ್ಯರು, ರಕ್ತನಿಧಿ — ಇವೆಲ್ಲ ಒಂದೇ ಸೂರಿನಡಿ ಇರುವ ಕಡೆ ಚಿಕಿತ್ಸೆ ಪಡೆಯುವುದು ಶ್ರೇಯಸ್ಕರ. ಬೇರೆ ಊರಿಗೆ ಸಾಗಿಸಬೇಕಾದರೆ, ರೋಗಿಯ ಸ್ಥಿತಿ ಸ್ಥಿರವಾಗಿರುವಾಗಲೇ ವೈದ್ಯರು ವೈದ್ಯರೊಡನೆ ಮಾತನಾಡಿ ನಿರ್ಧರಿಸಬೇಕು. ಬಂಧುಗಳ ಸಿಟ್ಟಿನ ಮೇಲೆ ನಡುರಾತ್ರಿಯಲ್ಲಿ ಸಾಗಿಸಬಾರದು.

ನಮ್ಮ ಕರ್ತವ್ಯವೇನು?

ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಇಲ್ಲಿ ಕ್ರೋಡೀಕರಿಸುತ್ತೇನೆ.

೧. ಮೇಲುಹೊಟ್ಟೆಯ ತೀವ್ರ ನೋವು ಬೆನ್ನಿಗೆ ಹರಿದು, ವಾಂತಿಯೊಡನೆ ಬಂದರೆ ಬೆಳಗಾಗುವವರೆಗೆ ಕಾಯಬಾರದು. ಕಾಯುವಿಕೆಯನ್ನು ಹೊಗಳಿದ ನಾನೇ ಇದನ್ನು ಹೇಳುತ್ತಿದ್ದೇನೆ. ಮನೆಯಲ್ಲಿ ಕಾಯುವುದು ಅಪಾಯ. ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಕಾಯುವುದು ಚಿಕಿತ್ಸೆ.

೨. ಊಟದ ನಂತರ ಮತ್ತೆ ಮತ್ತೆ ಬರುವ ನೋವನ್ನು ‘ಪಿತ್ತ’, ‘ವಾಯು’ ಎಂದು ತಳ್ಳಿಹಾಕದೆ ಒಮ್ಮೆ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

೩. ಸೋಂಕಿಲ್ಲದಿರುವಾಗ ಮುಂಜಾಗ್ರತೆಗೆಂದು ರೋಗಾಣುನಾಶಕ ಔಷಧಿ ಕೊಡಿರೆಂದು ವೈದ್ಯರನ್ನು ಒತ್ತಾಯಿಸಬಾರದು. ಅದರಿಂದ ಲಾಭವಿಲ್ಲವೆಂದು ತಜ್ಞರ ಅಭಿಮತ.

೪. ವೈದ್ಯರನ್ನು ಪ್ರಶ್ನಿಸಲು ಸಂಕೋಚ ಬೇಡ. ‘ಈಗ ಯಾವ ಹಂತದಲ್ಲಿದ್ದೇವೆ? ಯಾವುದಕ್ಕಾಗಿ ಕಾಯುತ್ತಿದ್ದೇವೆ? ಏನಾದರೆ ಕಾಯುವುದನ್ನು ನಿಲ್ಲಿಸುತ್ತೀರಿ?’ ಎಂಬ ಮೂರು ಪ್ರಶ್ನೆಗಳು ಸಾಕು. ಕುಟುಂಬದಿಂದ ಒಬ್ಬರೇ ಮಾತನಾಡುವುದು ಒಳ್ಳೆಯದು.

೫. ಒಂದು ನೋಟುಪುಸ್ತಕದಲ್ಲಿ ದಿನದಿನದ ಜ್ವರ, ಮೂತ್ರ, ಕೊಳವೆಯಿಂದ ಬಂದ ಕೀವಿನ ಅಳತೆ, ಖರ್ಚು ಇವನ್ನು ಬರೆದಿಡಬೇಕು. ಅಕ್ಕ ಬರೆದಿಟ್ಟ ಇಂಥ ಪುಸ್ತಕವನ್ನು ವೈದ್ಯರೂ ತೆರೆದು ನೋಡುತ್ತಿದ್ದರು.

೬. ವಿಮೆಯ ಕಾಗದಗಳು ಕೈಗೆ ಸಿಗುವಂತಿರಲಿ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ರಿರುತ್ತಾರೆ. ಯಾವ ಚಿಕಿತ್ಸೆಗೆ ಎಷ್ಟು ನೆರವು ಸಿಗುವುದೆಂದು ಮೊದಲ ದಿನವೇ ಅವರನ್ನು ವಿಚಾರಿಸಬೇಕು.

೭. ಗುಣವಾದ ಮೇಲೆ ಮೂಲವನ್ನು ಮರೆಯಬಾರದು. ಕಲ್ಲಿನಿಂದ ಬಂದಿದ್ದರೆ ತಕ್ಕ ಕಾಲದಲ್ಲಿ ಪಿತ್ತಕೋಶ ತೆಗೆಸಬೇಕು. ಮದ್ಯದಿಂದ ಬಂದಿದ್ದರೆ ಮದ್ಯವನ್ನು ಪೂರ್ತಿಯಾಗಿ ತ್ಯಜಿಸಬೇಕು. ಧೂಮಪಾನವೂ ಈ ಗ್ರಂಥಿಗೆ ಶತ್ರುವೇ.

ಕೊನೆಯ ಮಾತು

ಅರವತ್ತಮೂರನೆಯ ದಿನ ಭಾವನವರು ಪಕ್ಕೆಯಲ್ಲಿ ಕೊಳವೆ, ಕೈಯಲ್ಲಿ ಚೀಲ ಹಿಡಿದುಕ��ಂಡೇ ಮನೆಗೆ ಬಂದರು. ಅಕ್ಕ ದಾದಿಯರಿಂದ ಕಲಿತು ಕೊಳವೆಯನ್ನು ತಾನೇ ತೊಳೆಯುತ್ತಿದ್ದಳು. ಮೂರನೆಯ ವಾರ ಅದನ್ನೂ ತೆಗೆದರು. ನಾಲ್ಕು ತಿಂಗಳ ಮೇಲೆ ಸಣ್ಣ ರಂಧ್ರಗಳ ಮೂಲಕವೇ ಪಿತ್ತಕೋಶವನ್ನು ತೆಗೆಸಿಕೊಂಡರು. ತೂಕ ಹದಿನೆಂಟು ಕಿಲೋ ಇಳಿದಿತ್ತು. ಅರ್ಧ ಮರಳಿ ಬಂದಿದೆ. ಸಕ್ಕರೆ ಕಾಯಿಲೆ ಅಂಟಿಕೊಂಡಿದೆ. ಊಟದ ಜೊತೆಗೆ ಕಿಣ್ವದ ಗುಳಿಗೆ ನುಂಗಬೇಕು. ಆದರೂ ಈ ವರ್ಷ ರಾಜ್ಯೋತ್ಸವಕ್ಕೆ ಇಬ್ಬರೂ ನಾಸಿಕಕ್ಕೆ ಬಂದು, ಕೊನೆಯ ಹಾಡಿನವರೆಗೂ ಕುಳಿತಿದ್ದರು. ಕಾಕಾ ಕೂಡ ಜೊತೆಗೆ ಬಂದಿದ್ದರು. ‘ಕಾಯಿದ್ದೇ ಛಲೋ ಆತು ನೋಡಪಾ’ ಎಂದರು.

ನನಗೆ ಹಣ ಎಣಿಸುವುದನ್ನು ಕಲಿಸಿದ ಹಿರಿಯರು ಈ ಕಾಲದಲ್ಲಿ ಕಾಯಿಲೆ ಬಿದ್ದಿದ್ದರೆ ಬದುಕುತ್ತಿದ್ದರೋ ಇಲ್ಲವೋ ಹೇಳಲಾರೆ. ಮೂರು ಸಲ ಹೊಟ್ಟೆ ತೆರೆಸಿಕೊಳ್ಳುವ ಯಾತನೆಯಾದರೂ ಬಹುಶಃ ಅವರಿಗೆ ತಪ್ಪುತ್ತಿತ್ತು. ನೋಟಿನ ಕಟ್ಟನ್ನು ಎಣಿಸುವಾಗ ಅವಸರ ಮಾಡಿದರೆ ‘ನಿಧಾನ, ತಮ್ಮಾ’ ಎನ್ನುತ್ತಿದ್ದರು. ಆ ಆಸ್ಪತ್ರೆಯ ಹೊರಾಂಗಣದಲ್ಲಿ ಕಳೆದ ಹತ್ತು ದಿನಗಳಲ್ಲಿ ನನಗೆ ಮತ್ತೆ ಮತ್ತೆ ಕೇಳಿಸಿದ ಮಾತು ಅದೇ. ಸಂಘದ ಬಂಧುಗಳೆಲ್ಲರೂ ಆರೋಗ್ಯವಂತರಾಗಿರಲಿ. ಯಾರಿಗಾದರೂ ಇಂಥ ಕಷ್ಟ ಒದಗಿದರೆ ಧೈರ್ಯದ ಜೊತೆಗೆ ತಾಳ್ಮೆಯೂ ಇರಲಿ ಎಂದು ಹಾರೈಸುತ್ತೇನೆ.